ಬಾಡಿಗೆ ಮನೆ ಎಂಬ ಎರಡು ಪದ

ಅಕ್ಕ ತೀರಿಕೊಂಡ ಮೇಲೆ ಅವಳ ಜ್ಞಾಪಕಾರ್ಥ ಕೂಟದಲ್ಲಿ ಓದಲೆಂದು ನಾನು ಅವಳ ಜೀವನ ಚರಿತ್ರೆ ಬರೆದೆ. ಅದರಿಂದ ಎರಡೇ ಎರಡು ಪದ ತೆಗೆಯಬೇಕೆಂದು ಅಣ್ಣ ಹೇಳಿದ. ಆ ಎರಡು ಪದ, ಬಾಡಿಗೆ ಮನೆ.

ನಮ್ಮ ಸಭೆಯ, ಅಂದರೆ ಚರ್ಚಿನವರ, ಪದ್ಧತಿ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಯಾರಾದರೂ ತೀರಿಹೋದರೆ ಹತ್ತಿರದವರೊಬ್ಬರು ಎದ್ದು ಅವರ ಜೀವನ ಚರಿತ್ರೆ ಓದುತ್ತಾರೆ. ಹುಟ್ಟು, ದೀಕ್ಷಾಸ್ನಾನ, ಕೆಲಸ, ಮದುವೆ, ಮಕ್ಕಳು, ಕಾಯಿಲೆ, ಸಾವು. ಒಂದು ಹಾಳೆಗೆ ಮೀರುವಂತಿಲ್ಲ. ಮೀರಿದರೆ ಅಡುಗೆಯವರು ಇಣುಕಿ ನೋಡತೊಡಗುತ್ತಾರೆ.

ಅಕ್ಕ ಹರಿಹರದಲ್ಲಿ ಟೀಚರಾಗಿದ್ದಳು. ಮದುವೆಯಾಗಲಿಲ್ಲ. ಹೊಳೆಯ ಕಡೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದು, ಅಲ್ಲೇ ಮುದುಕಿಯಾಗಿ, ಅಲ್ಲೇ ಸತ್ತಳು. ನಾನು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ, ಓದಿದ್ದು ಹತ್ತನೆಯವರೆಗೆ. ಅಣ್ಣ ಕಂಟ್ರಾಕ್ಟರು. ಎಸ್.ಎಸ್. ಬಡಾವಣೆಯಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ್ದಾನೆ. ನಮ್ಮ ಸಭೆಯ ಮಾತಿನಲ್ಲಿ ಹೇಳುವುದಾದರೆ ಅವನು ಆಶೀರ್ವಾದ ಹೊಂದಿದವನು.

ಈ ಆಶೀರ್ವಾದ ಎಂಬ ಪದಕ್ಕೆ ನಮ್ಮಲ್ಲಿ ಈಗ ಒಂದೇ ಅರ್ಥ ಉಳಿದಿದೆ. ಕಾರು ಕೊಂಡರೆ ಆಶೀರ್ವಾದ. ಮನೆ ಮೇಲೆ ಮನೆ ಎದ್ದರೆ ಬಹಳ ಆಶೀರ್ವಾದ. ಗಂಡ ಸತ್ತ ಮೇಲೆ ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಕ್ಕಳನ್ನು ಸಾಕಿದ ಹೆಂಗಸಿಗೆ ಯಾರೂ ಆ ಪದ ಬಳಸಿದ್ದನ್ನು ನಾನು ಕೇಳಿಲ್ಲ. ಅವಳಿಗಾಗಿ ಪ್ರಾರ್ಥನೆ ಮಾಡುತ್ತಾರೆ, ಅಷ್ಟೇ. ದೇವರು ಯಾರ ಮನೆಗೆ ಹೋಗಿ ಬಂದ ಎಂಬುದನ್ನು ಗೇಟು ನೋಡಿ ಹೇಳುವ ಜನ ನಾವು.

ಹಾಳೆ ನೋಡಲು ಅಣ್ಣ ಅತ್ತಿಗೆಯನ್ನು ಕರೆದುಕೊಂಡು ನನ್ನ ಮನೆಗೆ ಬಂದ.

"ಏನವ್ವಾ ಇದು? 'ಕೊನೆಯವರೆಗೂ ಬಾಡಿಗೆ ಮನೆಯಲ್ಲಿ ಜೀವಿಸಿದರು' ಅಂತ ಬರ್ದೀಯಲ್ಲ?"

"ಹೌದಲ್ಲಣ್ಣ. ಅಲ್ಲೇ ಇದ್ಲಲ್ಲ."

"ಇದ್ಲು, ಇಲ್ಲ ಅಂದ್ನಾ? ಅದನ್ನ ಮೈಕಿನಾಗ ಯಾಕ ಹೇಳ್ಬೇಕು? ನನ್ನ ಕಡೆಯೋರೆಲ್ಲ ಬರ್ತಾರ ಅವತ್ತು. 'ಹರಿಹರದಲ್ಲಿ ವಾಸವಾಗಿದ್ದರು' ಅಂತ ಹಾಕು. ಅದ್ರಾಗ ಸುಳ್ಳೇನೈತೆ?"

ಅತ್ತಿಗೆ ಹೊಲಿಗೆ ಮಷೀನಿನ ಪಕ್ಕದ ಸ್ಟೂಲನ್ನು ಸೆರಗಿನಿಂದ ಒರೆಸಿ ಕೂತರು. "ಕೈ ಬಿಗಿ ಹಿಡ್ದಿದ್ರೆ ಆ ಕಾಲಕ್ಕೇ ಎರಡು ಸೈಟ್ ಆಗ್ತಿದ್ವು ನಿಮ್ಮಕ್ಕಗೆ. ಎಲ್ಲಾ ಜನ ತಿಂದ್ರು."

ನಿಜ. ಜನ ತಿಂದರು. ಕ್ರಿಸ್ಮಸ್ಸಿಗೆ ಅಕ್ಕ ಕರ್ಚಿಕಾಯಿ ಕರಿದರೆ ಇಡಿಯಾದವೆಲ್ಲ ಓಣಿಯ ಮನೆಗಳಿಗೆ ಹೋಗುತ್ತಿದ್ದವು, ಒಡೆದವು ನಮಗೆ. ಚಿಕ್ಕಂದಿನಲ್ಲಿ ಅಣ್ಣ ಯಾರಿಗೂ ಕಾಣದಂತೆ ನಾಲ್ಕಾರು ಒಡೆದಿಡುತ್ತಿದ್ದ. ಅವನಿಗೆ ವ್ಯವಹಾರ ಆಗಲೇ ಗೊತ್ತಿತ್ತು. ಹೊಳೆಯ ನೀರು ನುಗ್ಗಿ ದಂಡೆಯ ಮೇಲಿನ ಒಂದು ಗುಡಿಸಲು ಬಿದ್ದಾಗ, ಅದರಲ್ಲಿದ್ದ ಅಜ್ಜಿ ಸೊಸೆ ಮೊಮ್ಮಗನ ಸಮೇತ ಮಳೆಗಾಲ ಮುಗಿಯುವವರೆಗೂ ಅಕ್ಕನ ಪಡಸಾಲೆಯಲ್ಲಿದ್ದಳು. ಹಣೆಗೆ ವಿಭೂತಿ ಹಚ್ಚಿ ನಮ್ಮ ಶಿಲುಬೆಯ ಕೆಳಗೇ ಮಲಗುತ್ತಿದ್ದಳು. ಅಕ್ಕ ಅವಳಿಗೆ ಎಂದೂ ಧರ್ಮ ಹೇಳಲಿಲ್ಲ. ಚಾದರ ಕೊಟ್ಟಳು.

ನಾವು ನಂಬಿದ ಸ್ವಾಮಿಗೂ ಸ್ವಂತ ಮನೆ ಇರಲಿಲ್ಲ. ಅವನನ್ನು ಹೂಳಿದ ಗವಿಯೂ ಇನ್ನೊಬ್ಬರದು. ಅವನ ಜೀವನ ಚರಿತ್ರೆಯನ್ನು ನಮ್ಮಣ್ಣನ ಕೈಗೆ ಕೊಟ್ಟಿದ್ದರೆ 'ನಜರೇತಿನಲ್ಲಿ ವಾಸವಾಗಿದ್ದರು' ಎಂದು ಬರೆದು ಮುಗಿಸುತ್ತಿದ್ದ.

ಅಣ್ಣನಿಗೆ "ನೋಡ್ತೀನಿ" ಎಂದೆ ಅಷ್ಟೇ.

ಕೂಟ ಅಕ್ಕನ ಮನೆಯ ಮುಂದೆಯೇ, ಶಾಮಿಯಾನದಡಿ ನಡೆಯಿತು. ಮುಂದಿನ ಸಾಲುಗಳಲ್ಲಿ ದಾವಣಗೆರೆಯಿಂದ ಬಂದ ಅಣ್ಣನ ಕಡೆಯವರು. ಹಿಂದೆ ಓಣಿಯ ಹೆಂಗಸರು. ನಮ್ಮ ಸಭೆಯ ಪಾದ್ರಿ ಅಯ್ಯನವರು ಪ್ರಾರ್ಥನೆ ಮುಗಿಸಿ ನನ್ನನ್ನು ಕರೆದರು. ಹಾಳೆಯಲ್ಲಿದ್ದಂತೆಯೇ ಓದಿದೆ. ಬಾಡಿಗೆ ಮನೆ ಎಂಬಲ್ಲಿ ಸ್ವಲ್ಪ ನಿಧಾನವಾಗಿಯೇ ಓದಿದೆ. ಮೈಕು ಬಹಳ ಒಳ್ಳೆಯದಿತ್ತು. ಅದನ್ನು ತರಿಸಿದವನು ಅಣ್ಣನೇ.

ನಾನು ಕೂರುವುದರೊಳಗೆ ಅವನು ಎದ್ದ. ಎರಡು ಮಾತು ಸಾಕ್ಷಿ ಹೇಳುತ್ತೇನೆ ಎಂದು ಮೈಕು ಹಿಡಿದ. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವುದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ. ನಮ್ಮದು ಇಲ್ಲದವರ ಮನೆತನ ಎಂದು ಯಾರೂ ತಿಳಿಯಬಾರದಲ್ಲ. ಒಂದು ಬೆಳಿಗ್ಗೆ ಬೈಬಲ್ ವಾಕ್ಯ ಓದುವಾಗ ಮೂಲೆಗಲ್ಲು ಎಂಬ ಪದ ತನ್ನ ಕಣ್ಣಿಗೆ ಹೊಳೆಯಿತಂತೆ. ದೇವರು ಏನೋ ಹೇಳುತ್ತಿದ್ದಾನೆ ಎನ್ನಿಸಿತಂತೆ. ಅದೇ ವಾರ ಬ್ರೋಕರ್ ಫೋನ್ ಮಾಡಿದನಂತೆ.

"ಮೂಲೆಗಲ್ಲು ಅಂದ ದೇವರು ಮೂಲೆ ಸೈಟನ್ನೇ ಕೊಟ್ಟ! ಎರಡು ಕಡೆ ರಸ್ತೆ! ಉತ್ತರದ ಬಾಗಿಲು! ನೀರು, ಕರೆಂಟು, ಎಲ್ಲಾ ಐತೆ!"

ಮುಂದಿನ ಸಾಲಿನಿಂದ ಸ್ತೋತ್ರ, ಸ್ತೋತ್ರ ಎಂಬ ದನಿಗಳು ಬಂದವು. ಹಿಂದಿನಿಂದ ಒಂದು ಕೈ ಮೇಲೆದ್ದಿತು. ಹೊಳೆ ದಂಡೆಯ ಅಜ್ಜಿ.

"ಸಾರ್, ಎಷ್ಟಕ್ಕೆ ಕೊಡ್ತೀರಿ?"

ಅಣ್ಣ ತಬ್ಬಿಬ್ಬಾದ. "ಏನಜ್ಜೀ?"

"ಸೈಟು. ಮೂಲೇದು ಅಂದ್ರಲ್ರಿ. ನನ್ನ ಮೊಮ್ಮಗ ಹುಡುಕಾಕತ್ತಾನೆ. ಟೀಚರಮ್ಮನ ಕಡೆಯೋರು ಅಂದ್ಮೇಲೆ ಒಂದೀಟು ನೋಡಿ ಹೇಳ್ರಿ."

"ಮಾರಾಕಲ್ಲಜ್ಜಿ. ದೇವರು ನನಗೆ ಕೊಟ್ಟಿದ್ದು ಅದು."

"ಹೌದೇನ್ರಿ?" ಅಜ್ಜಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಟೀಚರಮ್ಮಗೆ ದೇವ್ರು ಕೊಟ್ಟಿದ್ದು ಮನ್ಯಾಗ ನಿಲ್ತಾನೇ ಇರ್ಲಿಲ್ಲಲ್ರಿ. ಅದಕ್ಕ ಕೇಳ್ದೆ."

ಓಣಿಯ ಹೆಂಗಸರು ನಕ್ಕರು. ಅಯ್ಯನವರು ಕರ್ಚೀಫಿನಿಂದ ಬಾಯಿ ಒರೆಸಿಕೊಳ್ಳುತ್ತ, ನಡುವೆ ಕೆಮ್ಮುತ್ತ, ಬೇಗಬೇಗ ಆಶೀರ್ವಚನ ಹೇಳಿ ಮುಗಿಸಿದರು. ಅಕ್ಕ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಗುತ್ತಿದ್ದ ಹಾಗೇ ಅಳು ಬಂತು, ತಡೆಯಲಾಗಲಿಲ್ಲ.

ಅಣ್ಣ ಕಾರಿನ ಬಾಗಿಲು ತೆಗೆದುಕೊಂಡು ನಿಂತಿದ್ದ. "ಎರಡು ಪದ ಬಿಡು ಅಂದೆ. ಬಿಟ್ಯೇನು? ಮನೆತನದ ಮರ್ಯಾದೆ ತೆಗೆದೆ."

"ಆ ಎರಡು ಪದದಾಗೇ ಅಲ್ಲೇನಣ್ಣ ಆ ಅಜ್ಜಿ ಮಳೆಗಾಲ ಕಳೆದಿದ್ದು?"

ಅವನು ಕಾರು ಹತ್ತಿದ. ಉಣ್ಣದೆ ಹೋದ. ಅವನ ಕಡೆಯವರು ಒಬ್ಬೊಬ್ಬರಾಗಿ ಅವನ ಹಿಂದೆಯೇ ಹೋದರು.

ಅವರು ಉಣ್ಣದೆ ಬಿಟ್ಟ ಪಾಲು ಸೇರಿದರೂ ಊಟ ಸಾಲಲಿಲ್ಲ. ಮುಂದಿನ ಸಾಲುಗಳವರನ್ನು ಎಣಿಸಿ ಅತ್ತಿಗೆ ಹೋಟೆಲಿಗೆ ಹೇಳಿದ್ದರು. ಹಿಂದಿನವರು ಅವರ ಎಣಿಕೆಯಲ್ಲಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಮತ್ತಷ್ಟು ಜನ ಬಂದರು, ಅಕ್ಕನ ಕೈಯಲ್ಲಿ ಓದಿದವರು, ಅವರ ಹೆಂಡಿರು ಮಕ್ಕಳು. ಅಣ್ಣನನ್ನು ಬಿಟ್ಟು ಬರಬೇಕಿದ್ದ ಡ್ರೈವರಿಗಾಗಿ ಕಾಯುತ್ತಿದ್ದ ಅತ್ತಿಗೆ ಖಾಲಿ ಡಬರಿ ನೋಡಿ ಸಿಡುಕಿದರು.

"ಯಾರು ಕರ್ದಿದ್ರು ಇವ್ರನ್ನೆಲ್ಲ?"

"ಯಾರೂ ಕರ್ದಿಲ್ಲ ಅತ್ತಿಗೆ. ನೀವು ಹೊರಡ್ರಿ, ಬಿಸಿಲು ಇಳೀತು."

ನಾನು ಒಳಗೆ ಹೋಗಿ ಅಕ್ಕನ ಡಬ್ಬಿಯಲ್ಲಿದ್ದ ಅಕ್ಕಿಯನ್ನೆಲ್ಲ ಸುರುವಿ ತೊಳೆದು ಒಲೆಗೆ ಇಟ್ಟೆ. ಅಜ್ಜಿ ಬಾಗಿಲಲ್ಲೇ ಕೂತು ಈರುಳ್ಳಿ ಹೆಚ್ಚತೊಡಗಿದಳು.