ಹಗ್ಗ ಉಳಿಸಿಕೊಂಡ ದಾನ

ನಮ್ಮ ಬಾಲ್ಕನಿಯ ಗೋಡೆಯಲ್ಲಿ ಒಂದು ಮೊಳೆಯಿದೆ. ಗರಿಯಾಹಾಟ್‌ನ ಈ ಗಲ್ಲಿಯ ಬಾಲ್ಕನಿಗಳಲ್ಲಿ ಏನೇನಿರಬೇಕೆಂದು ಯಾರೋ ಕೂತು ತೀರ್ಮಾನಿಸಿದ ಹಾಗೆ ಎಲ್ಲರ ಮನೆಯಲ್ಲೂ ಒಂದು ಮನಿಪ್ಲಾಂಟು, ಒಂದು ತುಳಸಿ, ಒಣಹಾಕಿದ, ಮೈಯೊರೆಸುವ ಒಂದು ಗಮ್ಛಾ ಇರುತ್ತವೆ. ನಮ್ಮ ಮನೆಯ ಮೊಳೆಗೆ ಮಾತ್ರ ಹದಿನಾಲ್ಕು ವರ್ಷ ದನ ಕಟ್ಟುವ ಹಗ್ಗವೊಂದು ನೇತಾಡುತ್ತಿತ್ತು. ಕೆಳಗೆ ಆಟೋಗಳ ಜಗಳ, ಸೀರೆಯಂಗಡಿಯವರ ಕೂಗು. ಮೇಲೆ, ಮೂರನೆಯ ಮಹಡಿಯಲ್ಲಿ, ಕತ್ತಾಳೆ ನಾರಿನ ಮೂರು ಮೊಳದ ಹಗ್ಗ. ನೋಡಿದವರು ನಗುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ, ಅಮ್ಮ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು.

ಹಗ್ಗ ಅಮ್ಮನದು. ರೈಲ್ವೆಯಲ್ಲಿದ್ದ ನನ್ನ ಗಂಡನ ಹಿಂದೆ ನಾನು ಕೋಲ್ಕತ್ತಕ್ಕೆ ಬಂದು ಎಷ್ಟೋ ವರ್ಷಗಳಾದ ಮೇಲೆ ಅಮ್ಮನೂ ಅರಸೀಕೆರೆ ಕಡೆಯ ನಮ್ಮೂರು ಬಿಟ್ಟು ನನ್ನ ಬಳಿಗೆ ಬಂದಳು. ಬರುವ ಮೊದಲು ತುಂಗೆ ಎಂಬ ತನ್ನ ಕಡೆಯ ಹಸುವನ್ನು ಮಾರಿದಳು. ಮಾರಿದ್ದು ಹಸುವನ್ನು, ಹಗ್ಗವನ್ನಲ್ಲ. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು: ಕೊಳ್ಳುವವನು ತನ್ನ ಹಗ್ಗ ತಾನೇ ತರಬೇಕು, ಮಾರುವವರು ತಮ್ಮದನ್ನು ಬಿಚ್ಚಿ ಒಳಗಿಟ್ಟುಕೊಳ್ಳಬೇಕು. "ಹಸ ಹೋದ್ರೂ ಹಗ್ಗ ಮನೇಲಿದ್ರೆ ಕೊಟ್ಟಿಗೆ ಬರಿದಾಗಲ್ಲ ಕಣೆ" ಎನ್ನುತ್ತಿದ್ದಳು ಅಮ್ಮ. ಕೊಟ್ಟಿಗೆಯೇ ಇಲ್ಲದ ಊರಿಗೆ ಬಂದು ಹೀಗೆನ್ನುವುದು ವಿಚಿತ್ರವೇ. ಆದರೆ ವಿಚಿತ್ರವೆಂದು ಹೇಳುವಷ್ಟು ಎದೆಗಾರಿಕೆ ಯಾರಿಗಿತ್ತು? ಅಮ್ಮ ದಿನಕ್ಕೊಮ್ಮೆ ಆ ಹಗ್ಗದ ಮೇಲಿನ ಧೂಳು ಕೊಡವುತ್ತಿದ್ದಳು. ಮಿಕ್ಕ ಹೊತ್ತು ಅದರ ಸುದ್ದಿಗೆ ಹೋಗುತ್ತಿರಲಿಲ್ಲ.

ಅಮ್ಮ ಹೋದಾಗ ಅಣ್ಣ ಊರಿಂದ ಬಂದು ಕ್ರಿಯೆಗಳನ್ನು ಮಾಡಿದ. ಗೋದಾನದ ಸರದಿ ಬಂದಾಗ ಪುರೋಹಿತರು ಹಸುವಿಗೆ ಬದಲಾಗಿ ಒಂದು ತೆಂಗಿನಕಾಯಿ ಇಡಿಸಿದರು. ಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯಾಮ್ನಾಯ ಎಂಬ ಗಂಭೀರವಾದ ಹೆಸರಿದೆ. ಮೂರನೆಯ ಮಹಡಿಗೆ ಹಸುವನ್ನು ಹತ್ತಿಸಲಾಗದು ಎಂಬುದನ್ನು ಋಷಿಗಳು ಮೊದಲೇ ಊಹಿಸಿದ್ದರೆಂದು ಕಾಣುತ್ತದೆ. ಆದರೂ ಜೀವಮಾನವೆಲ್ಲ ದನದ ಜೊತೆ ಬದುಕಿದವಳನ್ನು ಜುಟ್ಟಿರುವ ಒಂದು ಕಾಯಿ ಕೊಟ್ಟು ಕಳಿಸಿದೆವಲ್ಲ ಎಂಬ ಸಂಕಟ ನನ್ನನ್ನು ಬಿಡಲಿಲ್ಲ. ಆ ಕಾಯಿ ಒಡೆದ ಸದ್ದು ಈಗಲೂ ಕಿವಿಯಲ್ಲಿದೆ.

ಕೆಳಗಿನ ಮನೆಯ ಬೀಣಾದಿ ಬಂಗಾಳಿ ಬೌದ್ಧರು, ಬರುವಾ ಮನೆತನದವರು. ನಾನು ಅವರ ಜೊತೆ ಹಲವು ಸಲ ವಿಹಾರಕ್ಕೆ ಹೋಗಿದ್ದೆ. ಅಮ್ಮನ ವರ್ಷಾಂತಿಕದ ಹೊತ್ತಿಗೆ ಅಲ್ಲಿ ಭಿಕ್ಷುಗಳಿಗೆ ಊಟ, ವಸ್ತ್ರ ದಾನ ಕೊಡೋಣವೆಂದುಕೊಂಡು, ಊರಿನ ನೆಂಟರಿಗೆ ತಿಳಿಸುವ ಕೆಲಸವನ್ನು ಮಗಳು ಇಂಚರಳಿಗೆ ವಹಿಸಿದೆ. ಇಂಚರ ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಎಲ್ಲವೂ ಇದೆ, ದೀರ್ಘ ಮಾತ್ರ ಅಲ್ಲಲ್ಲಿ ಬಿಟ್ಟುಹೋಗುತ್ತದೆ. ನಾನೋ ದೀರ್ಘ ತಪ್ಪಿದರೆ ಊಟ ಸೇರದ ಹೆಂಗಸು; 'ಕಲು ನೋವು' ಎಂದು ಅವಳು ಬರೆದರೆ ಕಾಲು ಸರಿಪಡಿಸಿದ ಮೇಲೆಯೇ ನೋವು ವಿಚಾರಿಸುತ್ತಿದ್ದೆ. ಅಂಥ ನನ್ನ ಕಣ್ಣು ತಪ್ಪಿಸಿ ಅವಳು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು: 'ಅಜ್ಜಿ ನೆನಪಿಗೆ ಅಮ್ಮ ವಿಹಾರದಲ್ಲಿ ದನ ಕೊಡ್ತಾಳೆ.'

ನಾನು ನೋಡುವಷ್ಟರಲ್ಲಿ ಊರು ಕೊಂಡಾಡಿ ಮುಗಿಸಿತ್ತು. ಅಣ್ಣ ಕೈಮುಗಿದಿದ್ದ. ತೊಂಬತ್ತರ ಹತ್ತಿರದ ಸೋದರಮಾವ ಧ್ವನಿ ಸಂದೇಶದಲ್ಲಿ, "ನಮ್ಮಕ್ಕಂಗೆ ಕಾಯಿ ಕೊಟ್ಟು ಕೈತೊಳ್ಕಂಡ್ರಲ್ಲ ಅಂತಿದ್ದೆ ಕಣವ್ವ. ದನಾನೇ ಕೊಡ್ತೀಯ, ಹೊಟ್ಟೆ ತಣ್ಣಗಾಯ್ತು" ಎಂದು ಅತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಅಳುವಿಗೆ ಈಗ ದೀರ್ಘ ಹಾಕಿ ತಿದ್ದುವುದು ಹೇಗೆ ನೀವೇ ಹೇಳಿ. ಬೀಣಾದಿಗೆ ಹೇಳಿದರೆ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇದಕ್ಕೇನು ಚಿಂತೆ, ನಮ್ಮ ವಿಹಾರದಿಂದ ಹಳ್ಳಿಯ ಬಡ ರೈತರಿಗೆ ಹಸುವನ್ನೂ ಕೊಡುತ್ತೇವಲ್ಲ ಎಂದರು. ಹಾಲು ಕಡಿಮೆಯಾಯಿತೆಂದು ದೊಡ್ಡಿಯವರು ಕಸಾಯಿಖಾನೆಗೆ ಮಾರಲು ಹೊರಟ ಹಸುವನ್ನು ಇವರು ದಾನಿಗಳ ದುಡ್ಡಿನಲ್ಲಿ ಕೊಂಡು, ಬೇಸಾಯ ಮಾಡುವ ಬೌದ್ಧ ಮನೆಯೊಂದಕ್ಕೆ ಕೊಡುತ್ತಾರೆ. ಷರತ್ತು ಎರಡೇ: ಅದನ್ನು ಸಾವಿಗೆ ಮಾರಬಾರದು, ಹುಟ್ಟುವ ಮೊದಲ ಹೆಣ್ಣು ಕರುವನ್ನು ಇನ್ನೊಂದು ಬಡ ಮನೆಗೆ ಕೊಡಬೇಕು. ಹೀಗೆ ಒಂದು ಜೀವ ಉಳಿಯುತ್ತದೆ, ಒಂದು ಒಲೆ ಹೊತ್ತುತ್ತದೆ, ಕೊಡುವ ಸುಖ ಪಡೆದವರಿಗೂ ಸಿಗುತ್ತದೆ. ನನಗೆ ಕೇಳಿದೊಡನೆ ಹಿಡಿಸಿತು.

ಹುಣ್ಣಿಮೆಯ ಬೆಳಿಗ್ಗೆ ಬೀಣಾದಿ, ನಾನು, ಇಂಚರ ಮೂವರೂ ಬಾಲಿಗಂಜ್‌ನಲ್ಲಿ ಕ್ಯಾನಿಂಗ್ ಲೋಕಲ್ ರೈಲು ಹತ್ತಿದೆವು. ಇಳಿದ ಮೇಲೆ ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ ಗದ್ದೆಯಂಚಿನ ದಾರಿ. ಹದಿನೈದು ಮನೆಗಳ ಊರು, ತಗಡಿನ ಮಾಡಿನ ಪುಟ್ಟ ವಿಹಾರ. ಹಸು ನಮಗಿಂತ ಮೊದಲೇ ಬಂದು ಮಾವಿನ ಮರದಡಿ ನಿಂತಿತ್ತು, ಬೂದುಬಣ್ಣದ್ದು, ಗಬ್ಬವಾಗಿತ್ತು. ದಾನದ ಹಸುವಿನ ಹಲ್ಲು ಎಣಿಸಬಾರದೆಂದು ಪಡೆಯುವವರಿಗೆ ಗಾದೆಯಿದೆ. ಕೊಡುವ ನಾನೇ ಅದರ ಬಾಯಿ, ಬಾಲ, ಗೊರಸನ್ನೆಲ್ಲ ನೋಡಿದೆ, ಅಮ್ಮ ನೋಡುತ್ತಿದ್ದ ಹಾಗೆ. ಪಡೆಯಬೇಕಾದವಳು ಮಿನತಿ, ಗಂಡನಿಲ್ಲದ ನಲವತ್ತರ ಹೆಂಗಸು. ತುಂಡು ಗದ್ದೆ, ಅತ್ತೆ, ಒಬ್ಬ ಮಗಳು. ವಿಹಾರದ ಭಿಕ್ಷು ಭಂತೆಯವರು ಸೂತ್ರ ಹೇಳಿದರು. ನಾನು ಹೂಜಿಯಿಂದ ಬಟ್ಟಲಿಗೆ ಸಣ್ಣಗೆ ನೀರು ಸುರಿಯುತ್ತ ಪುಣ್ಯವನ್ನು ಅಮ್ಮನ ಹೆಸರಿಗೆ ಸಲ್ಲಿಸಿದೆ. ನಾವು ಧಾರೆಯೆರೆಯುವುದೆಂದು ಕರೆಯುವುದೇ ಇದು. ಹೊರಗಿನದು ಅನ್ನಿಸಲೇ ಇಲ್ಲ, ಕಣ್ಣು ತುಂಬಿ ಬಂತು.

ಆಮೇಲೆ ನಡೆದದ್ದನ್ನು ಹೇಳಲು ಇವತ್ತಿಗೂ ನಾಚಿಕೆ. ನೀರು ಸುರಿದು ಮುಗಿಸಿದ ನನ್ನ ಕೈ, ನನ್ನನ್ನು ಒಂದು ಮಾತೂ ಕೇಳದೆ, ಹಸುವಿನ ಕೊರಳಿನ ಹಗ್ಗ ಬಿಚ್ಚಿತು, ಸುತ್ತಿತು, ನನ್ನ ಚೀಲದೊಳಗೆ ಇಟ್ಟಿತು. ಮಿನತಿ ಎರಡೂ ಅಂಗೈ ಚಾಚಿಕೊಂಡು ನಿಂತಿದ್ದಳು.

"ದಿದಿ, ದೊಡಿಟಾ?" ಎಂದಳು. ಅಕ್ಕಾ, ಹಗ್ಗ ಎಲ್ಲಿ ಎಂದು.

ಹಗ್ಗ ಉಳಿಸಿಕೊಳ್ಳುವುದು ನಮ್ಮ ಕಡೆ ಪದ್ಧತಿ, ಶುಭ, ಎಂದು ನನ್ನ ಮುರುಕು ಬಂಗಾಳಿಯಲ್ಲಿ ವಿವರಿಸಿದೆ. ಅವಳು ತಲೆಯಾಡಿಸಿದಳು. ಒಳಗೆ ಹೋಗಿ ಹಳೆಯ ಸೀರೆಯೊಂದರ ಅಂಚು ಹರಿದು ತಂದು ಹಸುವನ್ನು ಕಟ್ಟಿಕೊಂಡಳು. ಹಿಂತಿರುಗುವ ರೈಲಿನಲ್ಲಿ ನಾನು ಬಹಳ ಸಮಾಧಾನದಿಂದ ಖಾರ ಮಂಡಕ್ಕಿಯ ಝಾಲ್‌ಮುಡಿ ತಿಂದೆ. ಮನೆಗೆ ಬಂದು ಅಮ್ಮನ ಹಗ್ಗದ ಪಕ್ಕದಲ್ಲೇ ಇದನ್ನೂ ನೇತುಹಾಕಿದೆ.

ಮೂರು ವಾರದ ಮೇಲೆ ಬೀಣಾದಿ ಮೆಟ್ಟಿಲು ಹತ್ತಿ ಬಂದರು. ಮಿನತಿ ಫೋನಿನಲ್ಲಿ ಕೇಳಿದಳಂತೆ: "ಗೊರುಟಾ ದಿದಿ ಕಬೆ ನಿಯೆ ಜಾಬೇನ್?" ದಿದಿ ಹಸುವನ್ನು ಯಾವಾಗ ಕರೆದೊಯ್ಯುತ್ತಾರೆ?

ಮೊದಲು ನನಗೆ ಅರ್ಥವಾಗಲಿಲ್ಲ. ಬೀಣಾದಿ ಬಿಡಿಸಿ ಹೇಳಿದರು. ಮಿನತಿ ಮೊದಲೂ ಒಂದು ಹಸು ಸಾಕಿದ್ದಳು, ಅದು ಪಾಲಿನದು. ಹಸು ಇನ್ನೊಬ್ಬರದು, ಮೇವು ಮತ್ತು ದುಡಿಮೆ ಇವಳದು. ನಾಲ್ಕು ವರ್ಷ ಸಾಕಿದ ಮೇಲೆ ಒಂದು ದಿನ ಹಸುವಿನವನು ಬಂದು, "ಹಗ್ಗ ನನ್ನದು" ಎಂದಷ್ಟೇ ಹೇಳಿ ಹಿಡಿದುಕೊಂಡು ಹೋದನಂತೆ. ಅವರ ಕಡೆ ಕೊಡುವುದೆಂದರೆ ಹಗ್ಗವನ್ನು ಕೈಯಲ್ಲಿಡುವುದು. ನಾನು ಹಗ್ಗ ಬಿಚ್ಚಿಟ್ಟುಕೊಂಡಾಗ ಅವಳು ಅರ್ಥ ಮಾಡಿಕೊಂಡದ್ದು ಒಂದೇ: ಇದೂ ಪಾಲಿನದು. ಹಸುವಿಗೆ ಅವಳು ಹೆಸರಿಟ್ಟಿರಲಿಲ್ಲ. ಮಗಳು ಹಸುವನ್ನು ತಬ್ಬಿಕೊಂಡರೆ ಗದರುತ್ತಿದ್ದಳಂತೆ, ಹೋಗುವುದರ ಮೇಲೆ ಮನಸ್ಸಿಡಬೇಡ ಎಂದು.

ಆ ಮಾತು ನನ್ನನ್ನು ಕುಳಿತಲ್ಲಿ ಕೂರಗೊಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ಇಬ್ಬರೂ ನಾನೇ ಆಗಿದ್ದೆ. ಮಾರುವ ಪದ್ಧತಿಯನ್ನು ತಂದು, ಕೊಡುವ ಕಡೆ ಹಚ್ಚಿದ್ದೆ. ಮಾರುವವಳಿಗೆ ಒಂದಿಷ್ಟು ಉಳಿಯಬೇಕು, ಸರಿ. ಕೊಡುವವಳಿಗೆ ಏನು ಉಳಿಯಬೇಕಿತ್ತು? ಯೋಚಿಸಿದರೆ, ನಾನು ಉಳಿಸಿಕೊಂಡದ್ದು ಪದ್ಧತಿಯನ್ನಲ್ಲ, ಅಮ್ಮನನ್ನು. ಆ ಹಸು ಅಮ್ಮನದು, ಆದ್ದರಿಂದ ಎಲ್ಲೇ ಇದ್ದರೂ ಸ್ವಲ್ಪ ನನ್ನದು ಎಂದು ಒಳಗೊಳಗೇ ಅಂದುಕೊಂಡಿದ್ದೆ. ನನ್ನ ದುಃಖಕ್ಕೆ ಕಟ್ಟಿಕೊಂಡ ಹಗ್ಗದ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು ಮೂರು ವಾರ ಉಸಿರು ಬಿಗಿಹಿಡಿದು ಕೂತಿದ್ದಳು.

ಮರುದಿನವೇ ಹೋದೆ. ಈ ಸಲ ಭಂತೆಯಿಲ್ಲ, ಸೂತ್ರವಿಲ್ಲ. ಮಿನತಿ ನನ್ನನ್ನು ದೂರದಿಂದಲೇ ಕಂಡು, ಹಸುವಿನ ಕೊರಳಿನ ಸೀರೆಯಂಚು ಬಿಚ್ಚತೊಡಗಿದಳು. ನಾನು ಬಂದದ್ದು ಕರೆದೊಯ್ಯಲು ಎಂದೇ ಅವಳ ಎಣಿಕೆ. ನನಗೆ ಬಂಗಾಳಿಯೂ ಮರೆಯಿತು, ಹಿಂದಿಯೂ ಮರೆಯಿತು; "ತಪ್ಪಾಯ್ತು ಕಣಮ್ಮ, ತಗೊ, ಇದು ನಿಂದೇ" ಎಂದು ಕನ್ನಡದಲ್ಲೇ ಹೇಳಿ ಅವಳ ಅಂಗೈಯಲ್ಲಿ ಹಗ್ಗವಿಟ್ಟೆ. ಮಿನತಿ ಹಗ್ಗವನ್ನು ನೋಡಿದಳು, ನನ್ನನ್ನು ನೋಡಿದಳು, ಹಸುವಿನ ಕಡೆ ತಿರುಗಿ "ಪೂರ್ಣಿಮಾ" ಎಂದು ಕರೆದಳು. ಅಷ್ಟು ಬೇಗ ಹೊಳೆದ ಹೆಸರಲ್ಲ ಅದು. ಹುಣ್ಣಿಮೆಯ ದಿನದಿಂದಲೂ ಬಾಯಲ್ಲೇ ಇಟ್ಟುಕೊಂಡಿದ್ದಳು. ಅವಳು ಅತ್ತಳು, ನಾನೂ ಅತ್ತೆ, ಮಗಳು ಹೋಗಿ ಹಸುವನ್ನು ತಬ್ಬಿಕೊಂಡಳು, ಯಾರೂ ಗದರಲಿಲ್ಲ.

ಪೂರ್ಣಿಮಾ ಹೆಣ್ಣು ಕರು ಹಾಕಿತು. ಕರು ಹಾಲು ಬಿಟ್ಟು ಮೇವಿಗೆ ಬಾಯಿ ಹಚ್ಚಿದ ಮೇಲೆ, ಹೋದ ತಿಂಗಳು, ಮಿನತಿ ಫೋನು ಮಾಡಿದಳು. ತನ್ನ ಮನೆಯಿಂದ ನಾಲ್ಕನೆಯ ಮನೆಗೆ ಕರುವನ್ನು ಕೊಡುವ ದಿನ ಗೊತ್ತಾಗಿದೆ, ಕೊಡುವವಳು ಈ ಸಲ ತಾನು, ದಿದಿ ಬರಲೇಬೇಕು. "ದೊಡಿ ಆನ್‌ಬೇನ್ ಕಿಂತು" ಎಂದು ನಕ್ಕಳು, ಹಗ್ಗ ಮಾತ್ರ ತರಬೇಕು ಎಂದು. ನಾನು ಗರಿಯಾಹಾಟ್‌ನಲ್ಲಿ ಹೊಸ ಹಗ್ಗ ಕೊಳ್ಳಬಹುದಿತ್ತು. ಬಾಲ್ಕನಿಗೆ ಹೋದೆ. ಅಮ್ಮನ ಹಗ್ಗದ ಧೂಳು ಕೊಡವಿದೆ, ಕೆಳಗಿಳಿಸಿದೆ. ಕೊಟ್ಟಿಗೆ ಬರಿದಾಗಬಾರದು ಎಂದಿದ್ದಳಲ್ಲ; ಯಾರ ಕೊಟ್ಟಿಗೆ ಎಂದು ಅವಳು ಹೇಳಿರಲಿಲ್ಲ. ತುಂಗೆಯ ಹಗ್ಗ ಪೂರ್ಣಿಮಾಳ ಮಗಳ ಕೊರಳಿಗೆ ಎರಡು ಸುತ್ತು ಬಂತು. ಮಿನತಿ ಅದರ ತುದಿಯನ್ನು ನೆರೆಯವಳ ಕೈಯಲ್ಲಿಟ್ಟು, ಒಂದು ಗಳಿಗೆ ಹಿಡಿದೇ ಇದ್ದು, ಬಿಟ್ಟಳು. ಆ ಒಂದು ಗಳಿಗೆ ನನಗೆ ಚೆನ್ನಾಗಿ ಗೊತ್ತಿತ್ತು.

ಈಗ ಬಾಲ್ಕನಿಯಲ್ಲಿ ಬರೀ ಮೊಳೆಯಿದೆ. ಬಟ್ಟೆಗೆ ಸಿಕ್ಕುತ್ತದೆ, ಕಿತ್ತುಬಿಡು ಎನ್ನುತ್ತಾಳೆ ಇಂಚರ. ಇರಲಿ ಎಂದು ಬಿಟ್ಟಿದ್ದೇನೆ. ಮೊನ್ನೆ ಅವಳು ಕುಟುಂಬದ ಗುಂಪಿಗೆ ಕರುವಿನ ಫೋಟೋ ಹಾಕಿ ಮತ್ತೆ 'ಅಮ್ಮನ ದನ' ಎಂದು ಬರೆದಳು. ತಿದ್ದಲು ಹೋಗಿ ಸುಮ್ಮನಾದೆ. ದನ ದಾನವಾಗಲು ಬೇಕಿದ್ದದ್ದು ಒಂದೇ ದೀರ್ಘ. ಹಗ್ಗದಷ್ಟುದ್ದದ ಆ ದೀರ್ಘವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದವಳು ಅವಳಲ್ಲ, ನಾನು.