ಸರ್ವರಿಗೂ ನಾಮಕರಣ

ಗೆಳೆಯರೇ, ನನ್ನ ಖುಷಿ ಇನ್ನೂ ಇಳಿದಿಲ್ಲ! ಇವತ್ತು ಬೆಳಿಗ್ಗೆ ಕರೂರು ಕೈಗಾರಿಕಾ ಪ್ರದೇಶದ ಪಂಪ್ ಕಾರ್ಖಾನೆಯೊಂದರಿಂದ, ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಫೋನ್ ಬಂತು. ಹೋಗಿ ನೋಡಿದರೆ ಟೈಪಿಸ್ಟ್ ನಿರ್ಮಲಮ್ಮ ಅಳುತ್ತಿದ್ದರು. ಹರಿಹರಕ್ಕೆ ಹೊರಟ ಲಾರಿ ಗೇಟಿನಲ್ಲಿ ನಿಂತಿತ್ತು. ಅದರ ಜೊತೆ ಹೋಗಬೇಕಾದ ಪಂಪುಗಳ ಪರೀಕ್ಷಾ ವರದಿಗಳಿದ್ದ 'ಮೈ ಡಾಕ್ಯುಮೆಂಟ್ಸ್' ಫೋಲ್ಡರ್ ಅವರ ಕಂಪ್ಯೂಟರಿನಲ್ಲಿ ತೆರೆಯುತ್ತಲೇ ಇರಲಿಲ್ಲ.

"ಈಯಮ್ಮ ಎಲ್ಲಾ ಅಳಿಸಿ ಹಾಕ್ಯಾರ್ರಿ!" ಎಂದು ಮಾಲೀಕರು ಗುಡುಗಿದರು.

"ಇಲ್ರೀ ಸಾಹುಕಾರ್ರೆ, ನಾನು ಏನೂ ಮುಟ್ಟಿಲ್ಲ."

ನಿರ್ಮಲಮ್ಮನ ಫೈಲುಗಳೆಲ್ಲ ಇರುವುದು ಮಾಲೀಕರ ಕೋಣೆಯ ಮುಖ್ಯ ಕಂಪ್ಯೂಟರಾದ ಸರ್ವರ್‌ನಲ್ಲಿ. ಅವರ ಫೋಲ್ಡರ್ ಅದನ್ನು ಹೆಸರು ಹಿಡಿದು ಹುಡುಕುತ್ತದೆ. ಫೋಲ್ಡರಿನ ವಿವರ ತೋರಿಸುವ ಪ್ರಾಪರ್ಟೀಸ್ ತೆರೆದೆ. ಅದು 'ಆಫೀಸ್' ಎಂಬ ಸರ್ವರ್ ಹುಡುಕುತ್ತಿತ್ತು. ನೆಟ್‌ವರ್ಕಿನಲ್ಲಿ ಆ ಹೆಸರೇ ಇಲ್ಲ, 'ಸಹನಾ' ಅಂತ ಇದೆ!

"ಸಹನಾ ಯಾರ್ರಿ?" ಎಂದೆ.

ಮಾಲೀಕರ ಮುಖ ಅರಳಿತು. "ನಮ್ಮ ಮೊಮ್ಮಗಳು. ನಿನ್ನೆ ನಾಮಕರಣ ಆತು. ಆ ಖುಷಿಗೆ ಸರ್ವರಿಗೂ ಅದೇ ಹೆಸರು ಇಟ್ಟೆ. ಯಾಕ್ರೀ?"

ಇನ್ನು 'ಸಹನಾ'ಳನ್ನೇ ಹುಡುಕು ಎಂದು ಫೋಲ್ಡರಿಗೆ ಸರ್ವರ್‌ನ ಹೊಸ ಹೆಸರು ಕೊಟ್ಟೆ. ಒಂದೂ ಬಿಡದೆ ಎಲ್ಲ ವರದಿಗಳೂ ಬಂದವು! ನಾನು ಕೂಗಿಯೇಬಿಟ್ಟೆ. ಪ್ರಿಂಟ್ ತೆಗೆದುಕೊಂಡು ಲಾರಿ ಹೊರಟಿತು.

"ತಪ್ಪು ತಿಳ್ಕೋಬ್ಯಾಡ್ರಿ, ನಿರ್ಮಲಮ್ಮ," ಎಂದರು ಮಾಲೀಕರು ಮೆತ್ತಗೆ.

ನಿರ್ಮಲಮ್ಮ ಕಣ್ಣೊರೆಸಿಕೊಂಡು ಹೇಳಿದರು: "ಇನ್ನೊಂದು ಮೊಮ್ಮಗು ಆದಾಗ ಪೇಡೆ ಹಂಚ್ರಿ ಸಾಹುಕಾರ್ರೆ. ಸರ್ವರ್ ಮಾತ್ರ ಮುಟ್ಟಬ್ಯಾಡ್ರಿ."