ಗೂಡಿನಲ್ಲಿಟ್ಟ ಮೂರು ಮೊನೆಯ ಗಾಳ

ಯಾರಾದರೂ ವಿಚಿತ್ರ ಕಂಡೆ ಎಂದರೆ, ಹಿಂದಿನ ರಾತ್ರಿ ನಿದ್ದೆ ಆಗಿತ್ತೇ ಎಂದು ಕೇಳಿ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ. ನಂಬಿಕೆ ಬಂದಿದೆಯೆಂದಲ್ಲ, ನನ್ನ ನೆನಪಿನ ಮೇಲೆಯೇ ಭರವಸೆ ಹೋಗಿದೆ.

ಎರಡನೇ ಮಹಾಯುದ್ಧದ ಕಾಲ. ಹೈದರಾಬಾದಿನಲ್ಲಿ ವಿಜ್ಞಾನ ಓದಿ ಮುಗಿಸಿ, ನಿಂತಲ್ಲಿ ನಿಲ್ಲದೆ ತಿರುಗುತ್ತಿದ್ದೆ. ಚೊಚ್ಚಲ ಬಸುರಿಯಾದ ಅಕ್ಕನನ್ನು ರಾಯಚೂರಿನ ತವರಿಗೆ ಕರೆತರಲು ನನ್ನನ್ನೇ ಕಳಿಸಿದರು. ಮಾನ್ವಿಯವರಾದ ಭಾವ ಆಗ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಮಾಸ್ತರರಾಗಿದ್ದರು. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡಿಸುತ್ತಿದ್ದ ಬಸ್ಸು ಕೆಟ್ಟು ನಿಂತದ್ದರಿಂದ ನಾನು ಅಲ್ಲೇ ಉಳಿಯಬೇಕಾಯಿತು.

ಭಾವನಿಗೆ ಮೀನು ಹಿಡಿಯುವ ಹುಚ್ಚು. ಆದರೆ ಹೆಂಡತಿ ಬಸುರಿಯಿದ್ದಾಗ ಗಂಡನಾದವನು ಜೀವಿಯ ರಕ್ತ ತೆಗೆಯಬಾರದು, ತೆಗೆದರೆ ಆ ಗಾಯ ಕೂಸಿನ ಮೈಮೇಲೆ ಮೂಡುತ್ತದೆ ಎನ್ನುವುದು ಅವರ ಮನೆಯ ರೂಢಿ. ಹಾಗಾಗಿ ಒಬ್ಬ ಇಂಜಿನಿಯರು ಕೊಟ್ಟಿದ್ದ, ಮೀನನ್ನು ಮರುಳು ಮಾಡುವ ಹಿತ್ತಾಳೆಯ ಹುಸಿಮೀನು, ಬಾಲಕ್ಕೆ ಮೂರು ಮೊನೆಯ ಗಾಳ ಕಟ್ಟಿಕೊಂಡು, ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಆ ರೂಢಿ ನನಗೆ ತಗಲುವುದಿಲ್ಲ, ನಾನು ಹೋಗುತ್ತೇನೆ ಎಂದೆ. ಅಕ್ಕ ಬೇಡ ಎನ್ನಲಿಲ್ಲ. ಗಾಳವನ್ನೇ ನೋಡುತ್ತ ಹೇಳಿದಳು:

"ಒಂಟಿ ಮುಳ್ಳಿನ ಗಾಳ ಹಾಕ್ಕೊಂಡು ಹೋಗು ತಮ್ಮಾ. ಒಂದಾದ್ರ ಬಿಡಿಸಿ ನೀರಿಗಿ ಬಿಡಬಹುದು. ಮೂರೂ ನೆಟ್ಟರ ಅದರ ಬಾಯಿ ಉಳಿಯಂಗಿಲ್ಲ."

"ಸೈನ್ಸ್ ಸಾಹೇಬ್ರು ಈಗ ಮೀನಿಗಿ ರಿಯಾಯತಿ ಕೊಡಾಕತ್ತಾರ," ಎಂದು ಭಾವ ನಕ್ಕರು.

ಅವಳ ಎದುರಿಗೇ ಕೂತು, ಇಕ್ಕಳದಿಂದ ಹುಸಿಮೀನಿನ ಬಾಲದ ಉಂಗುರ ಬಿಚ್ಚಿ ಆ ಮೂರು ಮೊನೆಯ ಗಾಳ ತೆಗೆದೆ. ಒಂಟಿ ಗಾಳ ಸಿಕ್ಕಿಸಿದೆ. ತೆಗೆದದ್ದನ್ನು ಅಕ್ಕ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಹಿಂದೆ ಇಟ್ಟಳು. ಇಷ್ಟು ನನಗೆ ಸ್ಪಷ್ಟವಾಗಿ ನೆನಪಿದೆ.

ಬೆಳಿಗ್ಗೆ ಒಬ್ಬನೇ ಹೊಳೆಗೆ ಹೋದೆ. ಬಿಸಿಲು ಏರುವ ಹೊತ್ತಿಗೆ ದೊಡ್ಡ ಮೀನೊಂದು ಕಚ್ಚಿತು. ದಂಡೆಗೆ ಎಳೆದು ಗಾಳ ಬಿಡಿಸಿದೆ, ಸುಲಭವಾಗಿಯೇ ಬಂತು. ಆದರೆ ಮೀನಿನ ಬಾಯಿ ಮೂರು ಕಡೆ ಹರಿದಿತ್ತು. ಮೂರರಿಂದಲೂ ಹಸಿ ರಕ್ತ ಒಸರುತ್ತಿತ್ತು. ನನ್ನ ಕೈಯಲ್ಲಿದ್ದದ್ದು ಒಂಟಿ ಗಾಳ. ನೀರಿಗೆ ಬಿಟ್ಟೆ, ಮೀನು ಈಜಲಿಲ್ಲ, ಹೊಟ್ಟೆ ಮೇಲಾಗಿ ತೇಲಿಹೋಯಿತು.

ಬೇರೆ ಯಾರದೋ ಗಾಳದ ಗಾಯವಿರಬೇಕು ಎಂದು ಲೆಕ್ಕ ಹಾಕುತ್ತ ಮನೆಗೆ ಬಂದೆ. ಏನೂ ಸಿಗಲಿಲ್ಲ ಎಂದೆ. ಭಾವ ಶಾಲೆಗೆ ಹೋಗಿದ್ದರು. ಮೊದಲಿನಂತೆ ಜೋಡಿಸಿಡು ಎಂದು ಅಕ್ಕ ಗೂಡಿನಿಂದ ಆ ಗಾಳ ತೆಗೆದು ನನ್ನ ಅಂಗೈ ಮೇಲಿಟ್ಟಳು. ಅದು ಒದ್ದೆಯಾಗಿತ್ತು. ಒಂದು ಮೊನೆಗೆ ಮೀನಿನ ಹುರುಪೆ ಅಂಟಿತ್ತು.

ನಾವಿಬ್ಬರೂ ಅದನ್ನೇ ನೋಡಿದೆವು.

"ಇದನ್ನ ಹೊಳಿಗಿ ಒಯ್ದು ಬದಲಿ ಮಾಡಿ, ತಿರುಗಿ ತಂದಿಟ್ಟೇನು?"

"ಇಲ್ಲಕ್ಕ. ಇದು ಇಲ್ಲೇ ಇತ್ತಲ್ಲ."

"ಆತು ಬಿಡು," ಎಂದು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅವಳು ನಂಬಲಿಲ್ಲ. ಆ ವಿಷಯ ಮತ್ತೆ ಎತ್ತಲೂ ಇಲ್ಲ.

ಅಂದಿನಿಂದ ನನ್ನನ್ನು ನಾನೇ ಎಷ್ಟು ಸಲ ವಿಚಾರಿಸಿದ್ದೇನೆಂದರೆ, ಅಂಗಿಯ ಜೇಬಿನಲ್ಲಿ ಮೂರು ಮೊನೆಗಳು ಚುಚ್ಚಿದ ನೆನಪೂ ಈಗ ನನಗಿದೆ. ಅದು ಆ ಬೆಳಗಿನದೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ ತಿಳಿಯದು. ಗಾಳದ ವಿಷಯದಲ್ಲಿ ಅಕ್ಕನಿಗೆ ಸುಳ್ಳು ಹೇಳಿದೆನೋ ಇಲ್ಲವೋ ಎಂಬುದೇ ನನಗೆ ಗೊತ್ತಿಲ್ಲ.

ರಾಯಚೂರಿನಲ್ಲಿ ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ಅವ್ವ ಅದನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಎಲ್ಲರೂ ಕಣ್ಣು ಯಾರಂತೆ, ಮೂಗು ಯಾರಂತೆ ಎನ್ನುತ್ತಿದ್ದರು. ನಾನು ಬಗ್ಗಿ ಮೊದಲು ನೋಡಿದ್ದು ತುಟಿಯನ್ನು. ತುಟಿ ನೆಟ್ಟಗಿತ್ತು. ತಲೆ ಎತ್ತಿದರೆ, ಹಾಸಿಗೆಯಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು.